ಹಳೆ ಬಾಕ್ಸ್‌ಸ್ಟರ್‌ಗೆ ಹೊಸ ಬ್ಯಾಟರಿ, ಕಾರವಾರದ ಮಳೆಗಾಲದ ನಂತರ

ಪೋರ್ಶೆ ಬಾಕ್ಸ್‌ಸ್ಟರ್ ಅಂದರೆ ಎಂಜಿನ್ ಸೀಟಿನ ಹಿಂದಿರುವ, ಟಾಪು ಮಡಚಿ ತೆರೆಯುವ ಸ್ಪೋರ್ಟ್ಸ್ ಕಾರು. ಅದರ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ. ಆ ಡಿಕ್ಕಿಯ ಲಾಕ್ ಬಿಡುವುದು ಕರೆಂಟಿನಿಂದ. ಬ್ಯಾಟರಿ ಪೂರ್ತಿ ಇಳಿದರೆ ಡಿಕ್ಕಿ ತೆರೆಯುವುದಿಲ್ಲ, ಡಿಕ್ಕಿ ತೆರೆಯದೆ ಬ್ಯಾಟರಿಗೆ ಕೈ ಹೋಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಈ ಪೇಚು ಎದುರಾಗುವುದು ಸಾಧಾರಣವಾಗಿ ಮಳೆ ಬಿಟ್ಟ ಮೇಲೆ, ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಹೊರಗೆ ತೆಗೆಯಲು ಹೋದಾಗ. ಇಲ್ಲಿ ಹೇಳುತ್ತಿರುವುದು 986 (2004ರ ತನಕದ್ದು) ಮತ್ತು 987 (2012ರ ತನಕದ್ದು) ಮಾದರಿಗಳ ಬಗ್ಗೆ. ಬ್ಯಾಟರಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಅದರ ಹಿಂದೆ ಮುಂದೆ ಇರುವ ಕೆಲಸಗಳನ್ನು ಬಿಟ್ಟರೆ ಮಾತ್ರ ಹೊಸ ಬ್ಯಾಟರಿಯೂ ಮುಂದಿನ ವರ್ಷ ಹಳೆಯದರ ಹಾದಿ ಹಿಡಿಯುತ್ತದೆ.

ಮೊದಲು ಲೆಕ್ಕ ನೋಡಿ. ಬೀಗ ಹಾಕಿ ನಿಲ್ಲಿಸಿದ ಗಾಡಿಯೂ ಅಲಾರಂ, ಇಮ್ಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ), ರಿಮೋಟ್ ರಿಸೀವರ್‌ಗಳಿಗಾಗಿ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತದೆ. 40 ಮಿಲಿಆಂಪಿಯರ್ ಎಳೆದರೆ ಏನೂ ದೋಷವಿಲ್ಲ ಎಂದೇ ಅರ್ಥ. ಆದರೆ 40 ಮಿಲಿಆಂಪಿಯರ್ ಅಂದರೆ ದಿನಕ್ಕೆ ಹತ್ತಿರಹತ್ತಿರ 1 ಆಂಪಿಯರ್-ಅವರ್. 70 ಆಂಪಿಯರ್-ಅವರ್ ಬ್ಯಾಟರಿಯನ್ನು ಜೂನ್ 1ರಂದು ಪೂರ್ತಿ ಚಾರ್ಜ್ ಮಾಡಿ ನಿಲ್ಲಿಸಿದರೂ ಜುಲೈ ಮೊದಲ ವಾರಕ್ಕೆ ಅರ್ಧ ಖಾಲಿ, ಚೌತಿಗೆ ಮೊದಲೇ ಸೊನ್ನೆ. ಇದರಲ್ಲಿ ಬ್ಯಾಟರಿ ತಾನಾಗಿಯೇ ಕಳೆದುಕೊಳ್ಳುವ ಚಾರ್ಜನ್ನು ಸೇರಿಸಿಲ್ಲ.

ಇಳಿದ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದೆರಡು ದಿನ ಇಳಿದಿದ್ದರೆ ಸಾಕು. ವಾರಗಟ್ಟಲೆ ಖಾಲಿ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಚಾರ್ಜರ್ ಹಾಕಿದರೂ ಪೂರ್ತಿ ಕರಗುವುದಿಲ್ಲ. ಇದರ ಗುರುತು ಹೀಗೆ: ಚಾರ್ಜರ್ ಬೇಗನೆ ‘ಫುಲ್’ ತೋರಿಸುತ್ತದೆ, ಮೀಟರಿನಲ್ಲಿ 12.6 ವೋಲ್ಟ್ ಕೂಡ ಬರುತ್ತದೆ, ಆದರೆ ಸೆಲ್ಫ್ ಹೊಡೆದ ಕ್ಷಣ 9.6ಕ್ಕಿಂತ ಕೆಳಗೆ ಕುಸಿಯುತ್ತದೆ. ಹಾಗಾದರೆ ಹೊಸತು ತರುವುದೇ ಸರಿ. ಸುಮ್ಮನೆ ನಿಂತಾಗಿನ ವೋಲ್ಟೇಜ್ 12.6ರಿಂದ 12.8 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಬಹುತೇಕ ಖಾಲಿ. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಅಳೆಯಬೇಡಿ, ಕೆಲವು ಗಂಟೆ ಬಿಟ್ಟು ಅಳೆಯಿರಿ.

ಈಗ ಡಿಕ್ಕಿ ತೆರೆಯುವ ಮಾತು. ಬಾಗಿಲ ಬುಡದಲ್ಲಿ ಕೇಬಲ್ ಎಳೆಯುವ ಲಿವರ್ ಇರುವ ಮೊದಮೊದಲ 986 ಆಗಿದ್ದರೆ ನಿಮಗೆ ಚಿಂತೆಯಿಲ್ಲ, ಎಳೆದರೆ ತೆರೆಯುತ್ತದೆ. ಬಟನ್ ಇರುವ ಗಾಡಿಯಾದರೆ ಹೀಗೆ ಮಾಡಿ. ಕೀಲಿಯನ್ನು ಬಾಗಿಲ ತೂತಿಗೇ ಹಾಕಿ ತಿರುಗಿಸಿ ಒಳಗೆ ಹೋಗಿ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರೆ ಒಂದು ಕೆಂಪು ಟ್ಯಾಬ್ ಕಾಣುತ್ತದೆ. ಅದನ್ನು ಹೊರಗೆ ಎಳೆದರೆ ಅದೇ ಪ್ಲಸ್. ಇನ್ನೊಂದು 12 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಅದಕ್ಕೆ, ಮೈನಸ್ಸನ್ನು ಬಾಗಿಲು ಕಚ್ಚಿಕೊಳ್ಳುವ ಲೋಹದ ಕೊಂಡಿಗೆ ಹಿಡಿಯಿರಿ. ಒಂದೆರಡು ನಿಮಿಷ ಬಿಟ್ಟು ಕೀಲಿಯಲ್ಲಿರುವ ಮುಂದಿನ ಡಿಕ್ಕಿಯ ಗುಂಡಿ ಒತ್ತಿ. ಅಲಾರಂ ಕೂಗಿಕೊಳ್ಳಬಹುದು, ಗಾಬರಿ ಬೇಡ, ರಿಮೋಟಿನಿಂದ ಅನ್‌ಲಾಕ್ ಮಾಡಿದರೆ ಸುಮ್ಮನಾಗುತ್ತದೆ. ಬೈಕಿನ ಬ್ಯಾಟರಿಯೂ ಈ ಕೆಲಸಕ್ಕೆ ಸಾಕಾಗುತ್ತದೆ, ಪೂರ್ತಿ ಚಾರ್ಜ್ ಇರಬೇಕು ಅಷ್ಟೇ. ಪ್ಲಸ್ ತಂತಿಯ ನಡುವೆ 15 ಆಂಪಿಯರ್‌ನ ಒಂದು ಫ್ಯೂಸ್ ಹಾಕಿಕೊಳ್ಳಿ, ಸತ್ತ ಬ್ಯಾಟರಿ ಒಮ್ಮೆಲೇ ಜಾಸ್ತಿ ಎಳೆದರೆ ತಂತಿ ಉಳಿಯುತ್ತದೆ. ಈ ಜಾಗದಿಂದ ಗಾಡಿ ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ. ಅಲ್ಲಿಯ ವೈರಿಂಗ್ ಲಾಕ್ ಬಿಡಿಸುವಷ್ಟಕ್ಕೆ, ಸೆಲ್ಫ್ ಮೋಟರಿನ ನೂರಾರು ಆಂಪಿಯರ್ ತಡೆಯುವುದಕ್ಕಲ್ಲ.

ಡಿಕ್ಕಿ ತೆರೆಯಿತು ಅಂದಮೇಲೆ ಕೆಲಸ ಮುಗಿಯುವ ತನಕ ಅದನ್ನು ಮುಚ್ಚಬೇಡಿ. ಗಾಳಿ ಬೀಸಿ ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಕೇಳುವುದು ‘ಯಾವ ಗಾಡಿ’ ಎಂದು. ಬಾಕ್ಸ್‌ಸ್ಟರ್ ಅಂದರೆ ಪಟ್ಟಿಯಲ್ಲಿ ಸಿಗದಿರಬಹುದು. ಅಳತೆ ಹೇಳಿ: ಉದ್ದ 278, ಅಗಲ 175, ಎತ್ತರ 190 ಮಿಲಿಮೀಟರ್, ನಮ್ಮಲ್ಲಿ ಡಿನ್ 70 ಎಂದು ಸಿಗುವ ಜಾತಿ. ದೊಡ್ಡ ಡೀಸೆಲ್ ಗಾಡಿಗಳಿಗೂ ಇದೇ ಗಾತ್ರ ಹೋಗುವುದರಿಂದ ಕಾರವಾರದಲ್ಲಿ ಸಿಗದಿದ್ದರೂ ಹುಬ್ಬಳ್ಳಿಯಿಂದಲೋ ಮಡಗಾಂವ್‌ನಿಂದಲೋ ತರಿಸಿಕೊಡುತ್ತಾರೆ. ಹಳೆಯ ಬ್ಯಾಟರಿಯ ಮೇಲಿನ ಆಂಪಿಯರ್-ಅವರ್ ಮತ್ತು ಅಳತೆಯನ್ನು ಒಮ್ಮೆ ತಾಳೆ ನೋಡಿ, ಮಧ್ಯೆ ಯಾರಾದರೂ ಬೇರೆ ಗಾತ್ರದ್ದು ಕೂರಿಸಿರಬಹುದು. ಪ್ಲಸ್ ಯಾವ ಬದಿಗಿದೆ ಎಂಬುದರ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಒಂದೇ ಗಾತ್ರದಲ್ಲಿ ಎಡ ಬಲ ಎರಡೂ ಬರುತ್ತವೆ, ತಪ್ಪಿದರೆ ಕೇಬಲ್ ಮುಟ್ಟುವುದಿಲ್ಲ. ಇನ್ನೆರಡು ವಿಷಯ ನೋಡಲೇಬೇಕು. ಒಂದು, ಬುಡದಲ್ಲಿ ಅಂಚು ಇರಬೇಕು, ಈ ಗಾಡಿಯಲ್ಲಿ ಕ್ಲ್ಯಾಂಪು ಬ್ಯಾಟರಿಯ ಕಾಲನ್ನು ಹಿಡಿಯುತ್ತದೆಯೇ ಹೊರತು ತಲೆಯನ್ನಲ್ಲ. ಎರಡು, ಬದಿಯಲ್ಲಿ ಗ್ಯಾಸ್ ಹೋಗುವ ತೂತು ಇರಬೇಕು. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಮುಚ್ಚಿದ ಡಿಕ್ಕಿಯಲ್ಲಿ ತುಂಬಬಾರದು, ಅದಕ್ಕೇ ಅಲ್ಲೊಂದು ಸಣ್ಣ ಪೈಪು ಇದೆ.

ಎಜಿಎಂ (ಆಸಿಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ) ಬ್ಯಾಟರಿ ಹಾಕಬೇಕೇ? ಹಾಕಬಹುದು, ಆದರೆ ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರಿ ಮತ್ತೆ ಶುರುವಾಗುವುದು) ಇಲ್ಲದ ಈ ಗಾಡಿಗೆ ಒಳ್ಳೆಯ ಸೀಲ್ಡ್ ಬ್ಯಾಟರಿ ಸಾಕು. ಉಳಿದ ದುಡ್ಡಿಗೆ ಒಂದು ಚಾರ್ಜರ್ ಕೊಳ್ಳುವುದು ಜಾಣತನ. ಅಂಗಡಿಯಲ್ಲೇ ತಯಾರಾದ ತಿಂಗಳು ನೋಡಿ, ಮೀಟರ್ ಹಿಡಿಸಿ. 12.5ಕ್ಕಿಂತ ಕಡಿಮೆ ಇದ್ದರೆ ಕಪಾಟಿನಲ್ಲೇ ಬಹಳ ದಿನ ಕೂತಿದೆ ಎಂದರ್ಥ, ಬೇರೆ ಕೇಳಿ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಬಿಚ್ಚುವುದಕ್ಕೆ ಬೇಕಾದದ್ದು 10 ನಂಬರ್ ಸ್ಪ್ಯಾನರ್, 13 ನಂಬರ್ ಸಾಕೆಟ್, ಅದಕ್ಕೊಂದು ಉದ್ದದ ಎಕ್ಸ್‌ಟೆನ್ಶನ್. ಶುರು ಮಾಡುವ ಮೊದಲು ಎರಡೂ ಕಿಟಕಿ ಗಾಜುಗಳನ್ನು ಸ್ವಲ್ಪ ಇಳಿಸಿಡಿ. ಈ ಬಾಗಿಲುಗಳಿಗೆ ಮೇಲಿನ ಚೌಕಟ್ಟಿಲ್ಲ. ಬಾಗಿಲು ತೆರೆಯುವಾಗ ಗಾಜು ತಾನಾಗಿ ಒಂದಿಷ್ಟು ಕೆಳಗಿಳಿದು ಟಾಪಿನ ರಬ್ಬರ್ ಬಿಡಿಸಿಕೊಳ್ಳುತ್ತದೆ. ಕರೆಂಟಿಲ್ಲದಾಗ ಇಳಿಯುವುದಿಲ್ಲ, ಎಳೆದರೆ ರಬ್ಬರ್ ಹರಿಯಬಹುದು. ಕೀಲಿ ಜೇಬಿನಲ್ಲಿರಲಿ. 986ರ ಹಳೆಯ ರೇಡಿಯೋ ಕೋಡ್ ಕೇಳುತ್ತದೆ, ಆ ಕಾರ್ಡು ಕೈಗೆ ಸಿಕ್ಕುವ ತನಕ ವೈರ್ ಬಿಚ್ಚಬೇಡಿ.

ಡಿಕ್ಕಿಯೊಳಗೆ ಮುಂದಿನ ಗಾಜಿನ ಬುಡದ ಕಡೆಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಬ್ಯಾಟರಿ ಕಾಣುತ್ತದೆ. ಮೈನಸ್ ಮೊದಲು ಬಿಚ್ಚಿ, ಪ್ಲಸ್ ಆಮೇಲೆ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರೇ ಕಾದು ಕೆಂಪಾಗುತ್ತದೆ. ಬಿಚ್ಚಿದ ಮೈನಸ್ ತುದಿಗೆ ಬಟ್ಟೆ ಸುತ್ತಿ ಬದಿಗೆ ಸರಿಸಿ. ಗ್ಯಾಸ್ ಪೈಪನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ, ವರ್ಷಗಳ ಬಿಸಿಗೆ ಪ್ಲಾಸ್ಟಿಕ್ ಒಣಗಿ ಮೊಣಕೈ ತುಂಡಾಗುವುದುಂಟು. ಬುಡದ 13ರ ಬೋಲ್ಟ್ ಬಿಚ್ಚಿ ಕ್ಲ್ಯಾಂಪು ತೆಗೆದರೆ ಬ್ಯಾಟರಿ ಸಡಿಲ. 18 ಕೆಜಿಯಷ್ಟು ಭಾರ, ಅದೂ ಬಗ್ಗಿ ದೂರಕ್ಕೆ ಕೈಚಾಚಿ ಎತ್ತಬೇಕು. ಬದಿಗೆ ದಪ್ಪ ಬಟ್ಟೆ ಹಾಸಿಕೊಳ್ಳಿ, ಸೊಂಟದ ಬೆಲ್ಟ್ ತೆಗೆದಿಡಿ. ಪೇಂಟ್ ಗೀರುವುದು ಹೆಚ್ಚಾಗಿ ಅದರ ಬಕಲ್‌ನಿಂದ.

ಬ್ಯಾಟರಿ ಎತ್ತಿದ ಮೇಲೆ ಸಿಗುವ ಆ ಖಾಲಿ ಜಾಗವೇ ಕರಾವಳಿಯವರು ನಿಧಾನವಾಗಿ ನೋಡಬೇಕಾದದ್ದು. ಗಾಜಿನ ಮೇಲೆ ಬಿದ್ದ ಮಳೆನೀರು ಇಳಿದು ಹೋಗುವ ದಾರಿ ಬ್ಯಾಟರಿಯ ಆಚೀಚೆಗೇ ಇದೆ. ಕಾರವಾರದ ಬೀಚ್ ಬದಿಯಲ್ಲಿ ನಿಲ್ಲಿಸುವ ಗಾಡಿಯಾದರೆ ಗಾಳಿಮರದ ಸೂಜಿ ಎಲೆಗಳು ಗ್ರಿಲ್ಲಿನ ಸಂದಿಯಿಂದ ಸಲೀಸಾಗಿ ಇಳಿದಿರುತ್ತವೆ. ಮಾವಿನೆಲೆ, ಗೇರು ಎಲೆ ಮೇಲೇ ನಿಲ್ಲುತ್ತವೆ, ಕೈಯಿಂದ ತೆಗೆಯಬಹುದು. ಸೂಜಿ ಎಲೆ ಹಾಗಲ್ಲ. ಒಳಗೆ ಹೋಗಿ ಧೂಳು, ಉಪ್ಪು, ನೀರಿನೊಂದಿಗೆ ಸೇರಿ ಕಪ್ಪು ರಾಡಿಯಾಗಿ ತೂತಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ತೂತು ಕಟ್ಟಿದರೆ ನೀರು ಬ್ಯಾಟರಿಯ ಸುತ್ತಲೇ ನಿಲ್ಲುತ್ತದೆ. ರಾಡಿ ತೆಗೆದು, ಎರಡೂ ಬದಿಗೆ ಒಂದೊಂದು ತಂಬಿಗೆ ನೀರು ಹೊಯ್ಯಿರಿ. ಅಷ್ಟೂ ನೀರು ಕೆಳಗೆ ನೆಲಕ್ಕೆ ಬಿತ್ತೇ ನೋಡಿ. ಹನಿ ಹನಿಯಾಗಿ ಬಂದರೆ ಇನ್ನೂ ಕಟ್ಟಿದೆ.

ಇದೇ ಹೊತ್ತಿಗೆ ಟಾಪಿನ ನೀರು ಇಳಿಯುವ ತೂತುಗಳನ್ನೂ ನೋಡಿಬಿಡಿ. ಟಾಪನ್ನು ಅರ್ಧ ತೆರೆದರೆ ಬಾಗಿಲ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇವೆ. ಟಾಪಿನ ಮೋಟರ್ ಬಹಳ ಎಳೆಯುವುದರಿಂದ ಹೊಸ ಬ್ಯಾಟರಿ ಕೂತು ಎಂಜಿನ್ ಓಡುತ್ತಿರುವಾಗಲೇ ತೆರೆಯಿರಿ, ಸೋತ ಬ್ಯಾಟರಿಯಲ್ಲಿ ತೆರೆದರೆ ಅರ್ಧಕ್ಕೆ ನಿಲ್ಲುತ್ತದೆ. ತೂತು ಬಿಡಿಸಲು ಗಟ್ಟಿ ತಂತಿ ತೂರಿಸಬೇಡಿ, ಒಳಗೆ ಪೈಪು ಕಳಚಿ ಬೀಳುತ್ತದೆ. ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ನಿನ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು, ಬಾಗುತ್ತದೆ, ಚುಚ್ಚುವುದಿಲ್ಲ. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 986ರ ಮಾಲೀಕರನ್ನು ಕೇಳಬೇಕು. ನೀರು ಒಳಗೆ ನುಗ್ಗಿ ಸೀಟಿನ ಅಡಿಗೆ ಸೇರುತ್ತದೆ, ಅಲ್ಲೇ ಇರುವುದು ಅಲಾರಂ-ಇಮ್ಮೊಬಿಲೈಸರ್ ಪೆಟ್ಟಿಗೆ. ಅದು ನೆಂದರೆ ಬ್ಯಾಟರಿಯನ್ನು ಕುಡಿಯುತ್ತದೆ, ಆಮೇಲೆ ಗಾಡಿಯನ್ನೇ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಅದರ ಖರ್ಚಿನ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ.

ಕೇಬಲ್ ತುದಿಗಳಿಗೆ ಬರೋಣ. ಬಿಳಿ ಪುಡಿ ಬ್ಯಾಟರಿ ಆಸಿಡ್‌ನದು, ಹಸಿರು-ನೀಲಿ ಪೊರೆ ತಾಮ್ರದ್ದು, ಉಪ್ಪುಗಾಳಿ ಎರಡಕ್ಕೂ ಇಂಬು ಕೊಡುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿ. ಮೈನಸ್ ಕೇಬಲ್ಲಿನ ಇನ್ನೊಂದು ತುದಿ ಬಾಡಿಗೆ ಬೋಲ್ಟ್ ಆಗಿದೆ. ಎಲ್ಲರೂ ಬಿಟ್ಟುಬಿಡುವುದು ಅದನ್ನೇ. ಬಿಚ್ಚಿ, ಎರಡೂ ಮುಖ ಹೊಳೆಯುವ ತನಕ ಮರಳು ಕಾಗದದಲ್ಲಿ ಉಜ್ಜಿ ಬಿಗಿಮಾಡಿ. ಹೊಸ ಬ್ಯಾಟರಿ ಇಳಿಸಿ, ಕ್ಲ್ಯಾಂಪು ಬಿಗಿದು ಅಲ್ಲಾಡಿಸಿ ನೋಡಿ, ಗ್ಯಾಸ್ ಪೈಪು ಸಿಕ್ಕಿಸಿ. ಬ್ಯಾಟರಿಗೆ ಎರಡೂ ಬದಿ ತೂತಿದ್ದರೆ ಪೈಪಿಲ್ಲದ ಬದಿಗೆ ಬಿರಡೆ ಹಾಕಿ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಪ್ಲಸ್ ಕಂಬ ಮೈನಸ್‌ಗಿಂತ ತುಸು ದಪ್ಪ, ಕ್ಲ್ಯಾಂಪು ಕೂರದಿದ್ದರೆ ಬಡಿಯುವ ಮೊದಲು ಅದಲುಬದಲಾಗಿದೆಯೇ ನೋಡಿ. ವ್ಯಾಸಲೀನ್ ಹಚ್ಚುವುದು ಬಿಗಿಮಾಡಿದ ಮೇಲೆ, ಹೊರಗಿನಿಂದ.

ಆಮೇಲೆ ಗಾಡಿಗೆ ಕೆಲವು ಪಾಠ ಮತ್ತೆ ಹೇಳಿಕೊಡಬೇಕು. ಕಿಟಕಿಯನ್ನು ಪೂರ್ತಿ ಮೇಲೇರಿಸಿ, ಬಿಟ್ಟು, ಮತ್ತೆ ಮೇಲಿನ ಕಡೆಗೇ ಕೆಲವು ಸೆಕೆಂಡ್ ಒತ್ತಿಹಿಡಿಯಿರಿ, ಎರಡೂ ಬದಿಗೆ ಬೇರೆಬೇರೆಯಾಗಿ. ಎಲೆಕ್ಟ್ರಾನಿಕ್ ಥ್ರಾಟಲ್ (ಆಕ್ಸಿಲರೇಟರಿಗೆ ಕೇಬಲ್ ಬದಲು ವೈರ್) ಇರುವ ಗಾಡಿಯಲ್ಲಿ ಇಗ್ನಿಷನ್ ಆನ್ ಮಾಡಿ ಆಕ್ಸಿಲರೇಟರ್ ಮುಟ್ಟದೆ ಒಂದು ನಿಮಿಷ ಬಿಡಿ, ಆಫ್ ಮಾಡಿ ಹತ್ತು ಸೆಕೆಂಡ್ ಕಾದು ಸ್ಟಾರ್ಟ್ ಮಾಡಿ. ಪಿಎಸ್‌ಎಂ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ದೀಪ ಉರಿಯುತ್ತಿದ್ದರೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ಸ್ವಲ್ಪ ದೂರ ನೇರ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ.

ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿ, ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಹೊಸ ಬ್ಯಾಟರಿ ಹಾಕಿಯೂ, ಅದರಲ್ಲೂ ಎಂಜಿನ್ ಬಿಸಿಯಾಗಿರುವಾಗ, ಸೆಲ್ಫ್ ತೂಕಡಿಸಿದರೆ ಬ್ಯಾಟರಿಯನ್ನು ಬೈಯಬೇಡಿ. ಬ್ಯಾಟರಿ ಮುಂದೆ, ಎಂಜಿನ್ ಸೀಟಿನ ಹಿಂದೆ, ನಡುವೆ ಉದ್ದನೆಯ ಕೇಬಲ್. ಆ ಕೇಬಲ್ ಎಂಜಿನ್ ಬದಿಯ ತುದಿಯಲ್ಲಿ ಒಳಗೊಳಗೇ ಹಸಿರುಗಟ್ಟುವುದು ಈ ಪೀಳಿಗೆಯ ಪೋರ್ಶೆಗಳಲ್ಲಿ ಗೊತ್ತಿರುವ ರೋಗ. ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ ಲೋಹಕ್ಕೂ ಮೀಟರ್ ಹಿಡಿದು ಸೆಲ್ಫ್ ಹೊಡೆಸಿ, ಆಮೇಲೆ ಪ್ಲಸ್ ಕಂಬಕ್ಕೂ ಸ್ಟಾರ್ಟರಿನ ಪ್ಲಸ್ಸಿಗೂ ಹಿಡಿದು ಹೊಡೆಸಿ. ಯಾವುದರಲ್ಲಿ ಅರ್ಧ ವೋಲ್ಟ್ ಮೀರುತ್ತದೋ ತೊಂದರೆ ಆ ಬದಿಗೆ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಸಣ್ಣ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅದರ ಬಾಡಿ ಫೈಬರ್‌ಗ್ಲಾಸ್, ಕರೆಂಟು ಹರಿಯುವುದಿಲ್ಲ, ಅರ್ಥ್ ಎಲ್ಲವೂ ಚಾಸಿಗೆ ತಂತಿಯಿಂದಲೇ ಹೋಗಬೇಕು. ತುಕ್ಕು ಹಿಡಿದ ಒಂದು ಬೋಲ್ಟ್ ಸಾಕು ಅರ್ಧ ಗಾಡಿಯ ದೀಪ ಮಂಕಾಗಲು.

ಮುಂದಿನ ಮಳೆಗಾಲಕ್ಕೆ ಬ್ಯಾಟರಿ ಮೈನಸ್ ಬಿಚ್ಚಿಟ್ಟು ಡಿಕ್ಕಿ ಮುಚ್ಚುವ ಉಪಾಯ ಈ ಗಾಡಿಗೆ ಒಗ್ಗುವುದಿಲ್ಲ, ಕಾರಣ ಮೊದಲೇ ಹೇಳಿದ್ದು. ವಾರಕ್ಕೊಮ್ಮೆ ಹತ್ತು ನಿಮಿಷ ನಿಂತಲ್ಲೇ ಓಡಿಸುವುದರಿಂದಲೂ ಲಾಭ ಕಡಿಮೆ, ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಮಳೆ ಬಿಡುವು ಕೊಟ್ಟ ದಿನ ಹೆದ್ದಾರಿಯಲ್ಲಿ ಅಂಕೋಲಾ ತನಕ ಹೋಗಿ ಬಂದರೆ ಅದು ಬೇರೆ ಮಾತು. ಇಲ್ಲದಿದ್ದರೆ 3ರಿಂದ 5 ಆಂಪಿಯರ್‌ನ, ತುಂಬಿದ ಮೇಲೆ ತಾನೇ ತಗ್ಗುವ ಚಾರ್ಜರ್ ಇಡಿ. ಸಿಗರೇಟ್ ಲೈಟರ್ ಸಾಕೆಟ್‌ನಿಂದಲೇ ಕೊಡಬಹುದು, ಡಿಕ್ಕಿ ತೆರೆದಿಡುವ ಪ್ರಮೇಯವಿಲ್ಲ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಕರೆಂಟು ಹೋಗಿ ಬಂದರೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆಯೋ, ಅಥವಾ ಯಾರಾದರೂ ಹೋಗಿ ಗುಂಡಿ ಒತ್ತಬೇಕೋ? ಜುಲೈ ತಿಂಗಳಿನ ನಮ್ಮೂರಿನಲ್ಲಿ ಗುಂಡಿ ಒತ್ತಬೇಕಾದ ಚಾರ್ಜರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.