ಗೌಲಿ ಹಿಮನದಿಯಲ್ಲಿ ಇಳಿದ ಕೊಕ್ಕರೆ

ಜ್ಯೂರಿಕ್‌ ಬಳಿಯ ಡ್ಯೂಬೆನ್‌ಡಾರ್ಫ್‌ನ ವಾಯುಪಡೆ ಸಂಗ್ರಹಾಲಯದಲ್ಲಿ ಜೆಟ್‌ಗಳ ಸಾಲನ್ನು ಬೇಗ ದಾಟಬಹುದು. ನಿಂತು ನೋಡಬೇಕಾದದ್ದು ಫೀಸ್ಲರ್ ಎಫ್‌ಐ 156, ಜರ್ಮನ್ ಸೇನೆಯ ಸಂಪರ್ಕ ವಿಮಾನ, ಅಂದರೆ ಅಧಿಕಾರಿಗಳನ್ನೂ ಸಂದೇಶಗಳನ್ನೂ ಒಯ್ಯುವ ಪುಟ್ಟ ವಿಮಾನ. ಮೊದಲು ಹಾರಿದ್ದು 1936ರಲ್ಲಿ. ಹೆಸರು ಷ್ಟೋರ್ಶ್, ಅಂದರೆ ಕೊಕ್ಕರೆ. ಹಾರುವಾಗ ವಿಮಾನದ ಚಕ್ರಗಳ ಉದ್ದನೆಯ ಕಾಲುಗಳು ಕೊಕ್ಕರೆಯದರಂತೆ ಜೋತುಬೀಳುತ್ತವೆ. ನೆಲ ಮುಟ್ಟಿದಾಗ ಕಾಲೊಳಗಿನ ಸ್ಪ್ರಿಂಗು, ಎಣ್ಣೆ ಹೊಡೆತವನ್ನು ನುಂಗುತ್ತವೆ.

ರೆಕ್ಕೆಯ ಮುಂಭಾಗದ ಉದ್ದಕ್ಕೂ ಅಲುಗಾಡದ ಸ್ಲ್ಯಾಟ್ ಎಂಬ ಪಟ್ಟಿ, ಹಿಂಭಾಗದಲ್ಲಿ ಫ್ಲ್ಯಾಪ್ ಎಂಬ, ಕೆಳಕ್ಕೆ ಬಾಗುವ ದೊಡ್ಡ ಹಲಗೆ. ಇವುಗಳಿಂದಾಗಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲೂ ಅದು ಬೀಳದೆ ಹಾರುತ್ತದೆ. ಎದುರುಗಾಳಿ ಇದ್ದರೆ ಇಳಿಯಲು 20 ಮೀಟರ್ ಜಾಗ ಸಾಕು. ಅದೇ ಪಟ್ಟಿ ಗಾಳಿಯನ್ನು ತಡೆಯುವುದರಿಂದ 240 ಅಶ್ವಶಕ್ತಿಯ ಆರ್ಗುಸ್ ಎಂಜಿನ್ ಇದ್ದೂ ಗರಿಷ್ಠ ವೇಗ ಸುಮಾರು 175 ಕಿ.ಮೀ. ಮಾತ್ರ. ಶತ್ರುವಿನ ಫೈಟರ್ ಕಂಡರೆ ಓಡಿ ಪಾರಾಗುವುದು ಅಸಾಧ್ಯ.

ಈ ವಿಮಾನದ ನಿಜವಾದ ದೊಡ್ಡತನ ತಿಳಿಯಬೇಕಾದರೆ ಸ್ವಿಸ್ ಆಲ್ಪ್ಸ್‌ನ ಮೈರಿಂಗನ್ ಊರಿಗೆ ಹೋಗಬೇಕು. 1946ರ ನವೆಂಬರ್ 19ರಂದು ಅಮೆರಿಕದ ಡಕೋಟಾ ಮಾದರಿಯ ಸೇನಾ ವಿಮಾನವೊಂದು 12 ಜನರೊಂದಿಗೆ ಆ ಕಡೆಯ ಗೌಲಿ ಹಿಮನದಿಗೆ, ಸುಮಾರು 3,350 ಮೀಟರ್ ಎತ್ತರದಲ್ಲಿ ಬಿತ್ತು. ಒಬ್ಬರೂ ಸಾಯಲಿಲ್ಲ. ಬಿದ್ದದ್ದು ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಎಂದು ಸಿಬ್ಬಂದಿ ಭಾವಿಸಿದ್ದರಿಂದ ಮೊದಲ ಹುಡುಕಾಟ ಅಲ್ಲೇ ನಡೆದು ದಿನಗಳು ವ್ಯರ್ಥವಾದವು. ರೇಡಿಯೊ ಸಂಕೇತದ ದಿಕ್ಕು ಲೆಕ್ಕಹಾಕಿದ ಮೇಲೆ ಸ್ವಿಸ್ ಬೆಟ್ಟಗಳತ್ತ ಕಣ್ಣು ಹೊರಳಿತು. ಸ್ಕೀ ಕಟ್ಟಿಕೊಂಡು ಹತ್ತಿದ ತಂಡ 23ರಂದು ತಲುಪಿತಾದರೂ ಆಗಲೇ ಇಳಿಯುವ ಹೊತ್ತು ಮೀರಿತ್ತು. ರಾತ್ರಿ ಹಿಮದಲ್ಲೇ ಕಳೆಯಿತು.

ಮರುದಿನ ವಿಕ್ಟರ್ ಹುಗ್ ಮತ್ತು ಪಿಸ್ಟಾ ಹಿಟ್ಸ್ ಎಂಬ ಪೈಲಟ್‌ಗಳು ಚಕ್ರದ ಜಾಗದಲ್ಲಿ ಸ್ಕೀ ಜೋಡಿಸಿದ ಷ್ಟೋರ್ಶ್‌ಗಳೊಂದಿಗೆ ಬಂದರು. ಇಳಿದದ್ದು ಏರುಮುಖವಾಗಿ, ಇಳಿಜಾರೇ ಬ್ರೇಕು. ಹೊರಟದ್ದು ಇಳಿಮುಖವಾಗಿ, ಏಕೆಂದರೆ ಆ ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ಪೂರ್ತಿ ಬಲ ಕೊಡದು. ಇಳಿಜಾರು ಆ ಕೊರತೆ ತುಂಬಿತು. ಹಲವು ಸುತ್ತುಗಳಲ್ಲಿ ಹನ್ನೆರಡೂ ಜನ ಕೆಳಗಿನ ಕಣಿವೆ ತಲುಪಿದರು. ಯುದ್ಧಕ್ಕೆಂದು ಹುಟ್ಟಿದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿರಲಾರದು. ಅಪಾಯದಲ್ಲಿರುವವರನ್ನು ವಿಮಾನದಲ್ಲಿ ಪಾರುಮಾಡುವ ಸ್ವಿಟ್ಜರ್ಲೆಂಡಿನ ಸೇವೆಯ ಚರಿತ್ರೆಯನ್ನು ಇಂದಿಗೂ ಇಲ್ಲಿಂದಲೇ ಶುರುಮಾಡುತ್ತಾರೆ.

ಇನ್ನರ್ಟ್‌ಕಿರ್ಖೆನ್ ಕಡೆಯ ಊರ್ಬಾಖ್ ಕಣಿವೆಯಿಂದ 2,205 ಮೀಟರ್ ಎತ್ತರದ ಗೌಲಿ ಗುಡಿಸಲಿಗೆ ಐದಾರು ಗಂಟೆ ನಡಿಗೆ. ಅದೇ ದಿನ ವಾಪಸಾಗುವ ಯೋಜನೆ ಬೇಡ, ಹಾಸಿಗೆ ಮೊದಲೇ ಕಾಯ್ದಿರಿಸಿ. ಅಲ್ಲಿಂದಾಚೆ ಹಿಮದ ಮೇಲೆ ಹೆಜ್ಜೆ ಇಡುವುದಾದರೆ ಹಗ್ಗ ಮತ್ತು ಮಾರ್ಗದರ್ಶಿ ಬೇಕೇಬೇಕು, ಬಿರುಕುಗಳ ಮೇಲೆ ಹಿಮ ಮುಚ್ಚಿರುತ್ತದೆ. ಡಕೋಟಾದ ಪ್ರೊಪೆಲ್ಲರ್ 2012ರಲ್ಲಿ ಹೊರಬಂತು, 2018ರಲ್ಲಿ ಇನ್ನಷ್ಟು ಭಾಗಗಳು. ಕರಗುತ್ತಿರುವ ಹಿಮ ಅವನ್ನು ಒಂದೊಂದಾಗಿ ಬಿಟ್ಟುಕೊಡುತ್ತಿದೆ.