ತೋರಣಗಲ್ಲು ದಾಟುವಾಗ

ನಿನ್ನೆ ರಾತ್ರಿ ಬಳ್ಳಾರಿಯಿಂದ ಹೊಸಪೇಟೆ ಬಸ್ ಹತ್ತಿ, ಬಾಕಿ ಉಳಿದಿದ್ದ ಹೆವಿ ಮೆಟಲ್ (ಗಿಟಾರ್-ಡ್ರಮ್ಸ್ ಅಬ್ಬರದ ರಾಕ್ ಸಂಗೀತ) ಆಲ್ಬಂಗಳನ್ನು ಕೇಳುತ್ತಾ ಕೂತೆ. ಮೆಟಾಲಿಕಾ ಬ್ಯಾಂಡಿನ 2023ರ ಆಲ್ಬಂ 77 ನಿಮಿಷ. ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಚೆನ್ನಾಗಿವೆ, ಆದರೆ 20 ನಿಮಿಷ ಕತ್ತರಿಸಿದ್ದರೆ ಯಾರೂ ಅಳ್ತಿರಲಿಲ್ಲ ಅಲ್ವಾ?

ಜೂಡಸ್ ಪ್ರೀಸ್ಟ್ ಬ್ಯಾಂಡ್ 2024ರಲ್ಲಿ ತಂದ ಆಲ್ಬಂ ಬೇರೆಯೇ ಲೆವೆಲ್. ಅದರ ಗಾಯಕ ರಾಬ್ ಹಾಲ್ಫರ್ಡ್‌ಗೆ ಆಗ 72 ವರ್ಷ. ಆ ವಯಸ್ಸಿಗೆ ನಮ್ಮ ಓಣಿಯ ಅಜ್ಜಂದಿರು ಕಟ್ಟೆ ಮೇಲೆ ಕೂತು ಬಿಸಿಲಿಗೆ ಬೈಯುತ್ತಿರುತ್ತಾರೆ, ಈ ಮನುಷ್ಯ ಇನ್ನೂ ಮುಗಿಲು ಹರಿಯುವ ಹಾಗೆ ಕಿರುಚುತ್ತಾನೆ. ಅದೇ ವರ್ಷ ಓಪೆತ್ ಬ್ಯಾಂಡ್ ಕೂಡ 2008ರ ನಂತರ ಮೊದಲ ಸಲ ಆಲ್ಬಂನಲ್ಲಿ ಘರ್ಜನೆಯ ದನಿಯಲ್ಲಿ ಹಾಡಿತು. ಖುಷಿಯಾಯ್ತು, ಸುಮ್ನೆ ಹೇಳ್ತಿಲ್ಲ.

ಹೊಸ ಹುಡುಗರ ಬ್ಯಾಂಡ್‌ಗಳ ಬಗ್ಗೆ ಒಂದೇ ತಕರಾರು: ಡ್ರಮ್ಸ್ ಜಾಸ್ತಿ ನೀಟು. ಯಾರೋ ಟೈಪ್ ಮಾಡಿದ ಹಾಗೆ ಕೇಳುತ್ತೆ, ಕೈಕಾಲಿನ ಭಾರವೇ ಇಲ್ಲ.

ಪ್ರೀಸ್ಟ್ ಹುಟ್ಟಿದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಸೀಮೆಯೂ ಕಬ್ಬಿಣದ ಕಾರ್ಖಾನೆಗಳದ್ದೇ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಕೆಂಪು ಬೆಳಕು ಕಿಟಕಿಗೆ ಬಿದ್ದಾಗ ಅದು ನೆನಪಾಯ್ತು. ಇಷ್ಟು ಅದಿರು ಅಗೆದ ನಮ್ಮ ಜಿಲ್ಲೆಯಲ್ಲಿ ಒಂದು ಮೆಟಲ್ ಬ್ಯಾಂಡ್ ಯಾಕೆ ನನ್ನ ಕಿವಿಗೆ ಬಿದ್ದಿಲ್ಲ? ಇದ್ದರೆ ಹೇಳಿ ಮಾರಾಯ್ರೆ, ಮಿರ್ಚಿ-ಮಂಡಕ್ಕಿ ನನ್ನ ಖರ್ಚು.