ರೂಬಲ್ ಲೆಕ್ಕದ ನೋಟ್‌ಬುಕ್: ನನ್ನ ರಷ್ಯನ್ ಓದು ಎಲ್ಲಿಗೆ ಬಂತು

ಜನವರಿ

ಈ ವರ್ಷ ಪೂರ್ತಿ ಹತ್ತೊಂಬತ್ತನೇ ಶತಮಾನದ ರಷ್ಯನ್ ಕಥೆ, ಕಾದಂಬರಿಗಳನ್ನೇ ಓದುವುದು ಅಂತ ತೀರ್ಮಾನ. ಪಕ್ಕದಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಬರೆದಿಡುವುದು ಒಂದೇ ವಿಷಯ, ಪುಸ್ತಕದಲ್ಲಿ ಬರುವ ಹಣ. ಯಾರ ಸಂಬಳ ಎಷ್ಟು, ಯಾರು ಯಾರಿಗೆ ಸಾಲ ಕೊಟ್ಟರು, ಯಾವ ವಸ್ತು ಎಷ್ಟಕ್ಕೆ ಗಿರವಿಗೆ ಹೋಯಿತು. ರಷ್ಯನ್ ಸಾಹಿತ್ಯ ಅಂದ ಕೂಡಲೇ ಜನ ಆತ್ಮ, ದೇವರು, ಪಾಪ ಅಂತ ಶುರು ಮಾಡುತ್ತಾರೆ. ಅದೆಲ್ಲ ಇದೆ. ಆದರೆ ಈ ಲೇಖಕರು ಕೊಪೆಕ್ ಬಿಡದೆ ಲೆಕ್ಕ ಇಡುತ್ತಾರೆ ಅನ್ನೋದನ್ನು ಯಾಕೋ ಯಾರೂ ಅಷ್ಟಾಗಿ ಹೇಳುವುದಿಲ್ಲ. ಲೆಕ್ಕಪತ್ರ ನೋಡುವುದೇ ನನ್ನ ಹೊಟ್ಟೆಪಾಡು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಶುರುವಿಗೆ ಒಂದು ತಯಾರಿ ಬೇಕಾಯಿತು. ನೂರು ಕೊಪೆಕ್‌ಗೆ ಒಂದು ರೂಬಲ್, ಅದು ಸುಲಭ. ಆದರೆ ಗೊಗೋಲ್ ಕಾಲದಲ್ಲಿ ಎರಡು ರೂಬಲ್ ಓಡಾಡುತ್ತಿದ್ದವು, ಕಾಗದದ್ದೊಂದು, ಬೆಳ್ಳಿಯದೊಂದು. 1839ರಲ್ಲಿ ಸರ್ಕಾರ ಒಂದು ಬೆಳ್ಳಿ ರೂಬಲ್‌ಗೆ ಮೂರೂವರೆ ಕಾಗದದ ರೂಬಲ್ ಅಂತ ದರ ಗೊತ್ತು ಮಾಡಿತು. ಆಮೇಲೆ ಆ ಹಳೇ ನೋಟುಗಳನ್ನೇ ತೆಗೆದುಹಾಕಿದರು. ಹಾಗಾಗಿ ಒಂದು ಪುಸ್ತಕದ ರೂಬಲನ್ನು ಇನ್ನೊಂದು ಪುಸ್ತಕದ ರೂಬಲ್ ಪಕ್ಕ ಸುಮ್ನೆ ಇಟ್ಟು ನೋಡುವ ಹಾಗಿಲ್ಲ. ಇವತ್ತಿನ ರೂಪಾಯಿಗೆ ಬದಲಿಸುವ ಗೋಜಿಗಂತೂ ನಾನು ಹೋಗಿಲ್ಲ. ಅದೇ ಪುಸ್ತಕದ ಸಂಬಳದ ಪಕ್ಕ ಅದೇ ಪುಸ್ತಕದ ಸಾಲ ಇಟ್ಟರೆ ಸಾಕು, ಉಳಿದದ್ದು ತಾನೇ ಗೊತ್ತಾಗುತ್ತದೆ.

ಫೆಬ್ರವರಿ

ಗೊಗೋಲ್ ಮುಗಿಯಿತು. 1842ರ ‘ಓವರ್‌ಕೋಟ್’ ಕಥೆಯನ್ನು ಮೊದಲೂ ಓದಿದ್ದೆ, ಕನಿಕರದ ಕಥೆ ಅಂತ ನೆನಪಿತ್ತು. ನೋಟ್‌ಬುಕ್ ಹಿಡಿದು ಓದಿದಾಗ ಅದು ಒಂದು ಬಜೆಟ್ ಅಂತ ಕಂಡಿತು. ಅಕಾಕಿ ಅಕಾಕಿಯೆವಿಚ್ ಪೀಟರ್ಸ್‌ಬರ್ಗ್‌ನ ಒಂದು ಇಲಾಖೆಯಲ್ಲಿ ಕಾಗದ ನಕಲು ಮಾಡುವ ಗುಮಾಸ್ತ. ಸಂಬಳ ವರ್ಷಕ್ಕೆ ಹೆಚ್ಚುಕಡಿಮೆ 400 ರೂಬಲ್. ಹಳೇ ಕೋಟು ತೇಪೆ ಹಾಕಲಾರದಷ್ಟು ಸವೆದಿದೆ. ದರ್ಜಿ ಪೆಟ್ರೊವಿಚ್ ಮೊದಲು 150ರ ಮಾತಾಡುತ್ತಾನೆ, ಕೊನೆಗೆ 80ಕ್ಕೆ ಒಪ್ಪುತ್ತಾನೆ ಅಂತ ಅಕಾಕಿಗೆ ಗೊತ್ತು. ಅರ್ಧ, ಅಂದರೆ 40, ಕೈಯಲ್ಲಿದೆ. ಖರ್ಚು ಮಾಡಿದ ಪ್ರತಿ ರೂಬಲ್‌ಗೂ ಒಂದು ಪುಟ್ಟ ನಾಣ್ಯ ಡಬ್ಬಿಗೆ ಹಾಕುತ್ತಾ ವರ್ಷಗಟ್ಟಲೆ ಕೂಡಿಟ್ಟದ್ದು ಅದು. ಇನ್ನರ್ಧಕ್ಕೆ ಏನು ಮಾಡುವುದು? ಸಂಜೆಯ ಟೀ ಬಿಟ್ಟ. ಮೇಣದಬತ್ತಿ ಬಿಟ್ಟ. ಬೂಟಿನ ಅಟ್ಟೆ ಸವೆಯಬಾರದು ಅಂತ ಬೀದಿಯಲ್ಲಿ ತುದಿಗಾಲಲ್ಲಿ ನಡೆದ. ಅಗಸರ ಖರ್ಚು ಉಳಿಯಲಿ ಅಂತ ಮನೆಗೆ ಬಂದ ಕೂಡಲೇ ಒಳಬಟ್ಟೆ ಕಳಚಿಟ್ಟ.

ಆಮೇಲೆ ಬೋನಸ್ಸು. 40 ಅಥವಾ 45 ಬರಬೇಕಾದ ಕಡೆ 60 ಬಂತು. ಕತ್ತುಪಟ್ಟಿಗೆ ಮಾರ್ಟನ್ ಎಂಬ ಪ್ರಾಣಿಯ ತುಪ್ಪಳ ಕೇಳಿದರೆ ಬೆಲೆ ಜಾಸ್ತಿ. ದೂರದಿಂದ ನೋಡಿದರೆ ಅದರಂತೆಯೇ ಕಾಣುವ ಒಳ್ಳೇ ಬೆಕ್ಕಿನ ತುಪ್ಪಳ ತಂದರು. ಹೊಲಿಗೆ ಕೂಲಿ 12 ರೂಬಲ್. ಇಷ್ಟೆಲ್ಲ ಲೆಕ್ಕವನ್ನು ಗೊಗೋಲ್ ನಮ್ಮ ತಲೆಗೆ ತುಂಬಿದ ಮೇಲೆ, ಹಾಕಿಕೊಂಡ ಮೊದಲ ರಾತ್ರಿಯೇ ಕಳ್ಳರು ಕೋಟು ಕಿತ್ತುಕೊಳ್ಳುತ್ತಾರೆ. ಕೋಟು ಹೋದದ್ದಕ್ಕೆ ನಾನು ಅಳಲಿಲ್ಲ. ಆ ಕುಡಿಯದ ಟೀಗೆ ಹೊಟ್ಟೆ ಉರಿಯಿತು.

ಅವನು ಸತ್ತ ಮೇಲೆ ಉಳಿದ ಆಸ್ತಿಯ ಪಟ್ಟಿಯನ್ನೂ ಗೊಗೋಲ್ ಕೊಡುತ್ತಾನೆ: ಒಂದು ಕಟ್ಟು ಗರಿಯ ಲೇಖನಿ, ಒಂದಷ್ಟು ಸರ್ಕಾರಿ ಬಿಳಿ ಕಾಗದ, ಮೂರು ಜೊತೆ ಕಾಲುಚೀಲ, ಪ್ಯಾಂಟಿನಿಂದ ಕಿತ್ತುಬಂದ ಎರಡೋ ಮೂರೋ ಗುಂಡಿ, ಮತ್ತೆ ಆ ಹಳೇ ಕೋಟು. ಮಹಜರಿನ ಹಾಗಿದೆ. ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಅದೇ ವರ್ಷ ಬಂದ ‘ಡೆಡ್ ಸೋಲ್ಸ್’ ಇನ್ನೂ ಖತರ್ನಾಕ್. ಜಮೀನುದಾರರು ತಮ್ಮ ಜೀತದ ರೈತರಲ್ಲಿ ಗಂಡು ತಲೆಗಳಿಗೆ ತೆರಿಗೆ ಕಟ್ಟಬೇಕು. ಒಂದು ಗಣತಿಯಿಂದ ಇನ್ನೊಂದು ಗಣತಿಯವರೆಗೆ ಸತ್ತವರೂ ಕಾಗದದ ಮೇಲೆ ಬದುಕಿದ್ದಾರೆ, ತೆರಿಗೆ ಬೀಳುತ್ತಲೇ ಇರುತ್ತದೆ. ಕಥಾನಾಯಕ ಚಿಚಿಕೋವ್ ಅಂಥ ಸತ್ತವರನ್ನು ಪುಡಿಗಾಸಿಗೆ ಕೊಂಡು, ಬದುಕಿರುವವರು ಅಂತ ತೋರಿಸಿ, ತಲೆಗೆ 200 ರೂಬಲ್‌ನಂತೆ ಸರ್ಕಾರಿ ಸಂಸ್ಥೆಯಲ್ಲಿ ಅಡವಿಡಲು ಹೊರಟಿದ್ದಾನೆ. ಆಡಿಟ್ ಮಾಡುವವರು ಕಡ್ಡಾಯವಾಗಿ ಓದಬೇಕಾದ ಪುಸ್ತಕ ಅಂತ ನನ್ನ ಅಭಿಪ್ರಾಯ.

ಚೌಕಾಸಿಯ ದೃಶ್ಯಗಳಂತೂ ಒಂದಕ್ಕಿಂತ ಒಂದು ಮೇಲು. ಮನಿಲೋವ್ ಪುಕ್ಕಟೆ ಕೊಟ್ಟು ಕ್ರಯಪತ್ರದ ಖರ್ಚನ್ನೂ ತಾನೇ ಹೊರುತ್ತಾನೆ. ವಿಧವೆ ಕೊರೊಬೊಚ್ಕಾ 18 ಜನರನ್ನು 15 ರೂಬಲ್‌ಗೆ ಮಾರಿ, ಅಗ್ಗಕ್ಕೆ ಕೊಟ್ಟುಬಿಟ್ಟೆನೋ ಏನೋ ಅಂತ ನಿದ್ದೆಗೆಟ್ಟು, ಸತ್ತವರ ಮಾರ್ಕೆಟ್ ರೇಟ್ ವಿಚಾರಿಸಲು ಪಟ್ಟಣಕ್ಕೇ ಬರುತ್ತಾಳೆ. ಸೊಬಾಕೆವಿಚ್ ತಲೆಗೆ ನೂರು ರೂಬಲ್ ಕೇಳುತ್ತಾನೆ. ಚಿಚಿಕೋವ್ ಹೇಳುವುದು 80 ಕೊಪೆಕ್. ಆಗ ಸೊಬಾಕೆವಿಚ್ ಸತ್ತವರನ್ನು ಹೊಗಳಲು ಶುರು ಮಾಡುತ್ತಾನೆ. ಆ ಗಾಡಿ ಮಾಡುವ ಮಿಖೇಯೆವ್ ಎಂಥ ಕಸುಬುದಾರ, ಆ ಬಡಗಿ ಸ್ಟೆಪಾನ್ ಎಂಥ ಗಟ್ಟಿ ಆಳು ಅಂತ. ಕೊನೆಗೆ ಎರಡೂವರೆ ರೂಬಲ್‌ಗೆ ವ್ಯಾಪಾರ ಕುದುರುತ್ತದೆ. ಆಮೇಲೂ ಆ ಆಸಾಮಿ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರನ್ನು ಗಂಡಸಿನ ಹೆಸರಿನ ಹಾಗೆ ಬರೆದು ತೂರಿಸಿರುತ್ತಾನೆ! ಜೋರಾಗಿ ನಕ್ಕೆ. ನಕ್ಕು ಮುಗಿದ ಮೇಲೆ, ಆ ಮಿಖೇಯೆವ್ ಬಗ್ಗೆ ಇಡೀ ಪುಸ್ತಕದಲ್ಲಿ ಯಾರಾದರೂ ಒಂದು ಒಳ್ಳೇ ಮಾತಾಡಿದ್ದು ಬೆಲೆ ಏರಿಸುವಾಗ ಮಾತ್ರ ಅಲ್ವಾ ಅನ್ನಿಸಿತು.

ಏಪ್ರಿಲ್

‘ಕ್ರೈಮ್ ಅಂಡ್ ಪನಿಶ್‌ಮೆಂಟ್’. ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತಿಂದ, ದಾಸ್ತೋವ್‌ಸ್ಕಿಯ ಪುಸ್ತಕ. ಮೊದಲ ಅಧ್ಯಾಯದಲ್ಲೇ ಓದು ಬಿಟ್ಟ ಬಡ ಹುಡುಗ ರಾಸ್ಕೊಲ್ನಿಕೊವ್ ಅಪ್ಪನ ಗಡಿಯಾರ ಹಿಡಿದು ಗಿರವಿ ಮುದುಕಿಯ ಮನೆಗೆ ಹೋಗುತ್ತಾನೆ. ನಾಲ್ಕು ರೂಬಲ್ ಕೊಡು ಅನ್ನುತ್ತಾನೆ. ಅವಳು ಒಂದೂವರೆ ಅನ್ನುತ್ತಾಳೆ. ಬಡ್ಡಿ ತಿಂಗಳಿಗೆ ರೂಬಲ್‌ಗೆ ಹತ್ತು ಕೊಪೆಕ್, ಅದೂ ಮುಂಗಡ. ಒಂದೂವರೆಗೆ 15 ಕೊಪೆಕ್ ಹಿಡಿದಳು. ಹಿಂದೆ ಒಯ್ದಿದ್ದ ಎರಡು ರೂಬಲ್‌ನ ಬಡ್ಡಿ 20 ಕೊಪೆಕ್, ಅದನ್ನೂ ಹಿಡಿದಳು. ಕೈಗೆ ಬಂದದ್ದು 1 ರೂಬಲ್ 15 ಕೊಪೆಕ್. ಲೆಕ್ಕ ಸರಿ ಇದೆಯಾ ಅಂತ ಪಕ್ಕದಲ್ಲಿ ಕೂಡಿ ಕಳೆದು ನೋಡಿದೆ. ಸರಿಯಾಗಿದೆ. ತಿಂಗಳಿಗೆ ನೂರಕ್ಕೆ ಹತ್ತು! ನಮ್ಮ ಕಡೆ ಮೀಟರ್ ಬಡ್ಡಿಯವರಿಗೆ ಈ ಲೆಕ್ಕ ಹೊಸದೇನಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವನು ಆ ಮುದುಕಿಯನ್ನು ಕೊಲ್ಲುವ ಕೊಡಲಿಯ ದೃಶ್ಯ ಅಲ್ಲ, ಅದಕ್ಕೂ ಮುಂಚೆ ಬರುವ ಅಮ್ಮನ ಪತ್ರ. ಉದ್ದವಾದ ಪತ್ರ, ತುಂಬಾ ಪ್ರೀತಿ, ಮಧ್ಯೆ ಮಧ್ಯೆ ಹಣ. ಅಮ್ಮನ ಪಿಂಚಣಿ ವರ್ಷಕ್ಕೆ 120 ರೂಬಲ್. ಮಗನಿಗೆ ನಾಲ್ಕು ತಿಂಗಳ ಹಿಂದೆ ಕಳಿಸಿದ 15 ರೂಬಲ್, ಆ ಪಿಂಚಣಿಯನ್ನೇ ತೋರಿಸಿ ಒಬ್ಬ ವ್ಯಾಪಾರಿಯ ಹತ್ತಿರ ತಂದ ಸಾಲ. ಅದಕ್ಕೂ ಮುಂಚೆ ಕಳಿಸಿದ 60 ರೂಬಲ್ ತಂಗಿ ದುನ್ಯಾ ಕೂಡಿಟ್ಟ ಹಣ ಅಂತ ಹೇಳಿದ್ದರು. ನಿಜ ಬೇರೆ. ಅವಳು ಪಾಠ ಹೇಳಲು ಹೋಗಿದ್ದ ಮನೆಯಲ್ಲಿ 100 ರೂಬಲ್ ಮುಂಗಡ ತೆಗೆದುಕೊಂಡಿದ್ದಳು, ಅದರಿಂದ ಅಣ್ಣನಿಗೆ ಕಳಿಸಿದ್ದು. ಮುಂಗಡ ಸಂಬಳದಲ್ಲಿ ತೀರುವವರೆಗೆ ಕೆಲಸ ಬಿಡುವ ಹಾಗಿಲ್ಲ. ಮನೆ ಯಜಮಾನ ಸ್ವಿದ್ರಿಗೈಲೊವ್ ಹಿಂದೆ ಬಿದ್ದಿದ್ದರೂ ಅಲ್ಲೇ ಇರಬೇಕಾಯಿತು.

ಆಮೇಲಿನ ಸಾಲು ಇನ್ನೂ ಕೆಟ್ಟದ್ದು. ದುನ್ಯಾಗೆ ಲೂಜಿನ್ ಎಂಬ ಕಾಸಿರುವವನ ಜೊತೆ ಮದುವೆ ಗೊತ್ತಾಗಿದೆ. ಸುದ್ದಿ ಊರಿಗೆ ತಿಳಿದಿದೆ. ಹಾಗಾಗಿ ಅದೇ ವ್ಯಾಪಾರಿ ಈಗ 75 ರೂಬಲ್‌ವರೆಗೂ ನನ್ನನ್ನು ನಂಬುತ್ತಾನೆ, ನಿನಗೆ 25 ಅಥವಾ 30 ಕಳಿಸಬಹುದು ಅಂತ ಅಮ್ಮ ಖುಷಿಯಿಂದ ಬರೆಯುತ್ತಾಳೆ. ಮಗಳ ಮದುವೆಯಿಂದ ಸಾಲದ ಮಿತಿ ಏರಿದೆ. ಅಮ್ಮನಿಗೆ ತಾನು ಏನು ಬರೆದೆ ಅನ್ನುವುದೇ ಗೊತ್ತಿಲ್ಲ, ಓದುವ ಮಗನಿಗೆ ಗೊತ್ತು. ರಾಸ್ಕೊಲ್ನಿಕೊವ್‌ನ ಆ ನೆಪೋಲಿಯನ್ ಸಿದ್ಧಾಂತವನ್ನು, ಅಂದರೆ ಅಸಾಮಾನ್ಯರಿಗೆ ಕೊಲೆಯೂ ಸಲ್ಲುತ್ತದೆ ಅನ್ನುವುದನ್ನು, ಎಷ್ಟೋ ಜನ ವಿವರಿಸಿದ್ದಾರೆ. ನನಗೆ ಅವನ ಹುಚ್ಚು ಅರ್ಥವಾದದ್ದು ಈ ಜಮಾ ಖರ್ಚಿನಿಂದ.

ಇನ್ನೊಂದು ನಮೂದು, ಪುಸ್ತಕದ ಕೊನೆಯದು. ಕೊಲೆ ಮಾಡಿ ತಂದ ಪರ್ಸನ್ನು ಅವನು ಬಿಚ್ಚಿಯೂ ನೋಡದೆ ಕಲ್ಲಿನಡಿ ಇಟ್ಟಿರುತ್ತಾನೆ. ವಿಚಾರಣೆ ಹೊತ್ತಿಗೆ ತೆಗೆದು ಎಣಿಸಿದರೆ 317 ರೂಬಲ್ 60 ಕೊಪೆಕ್. ಅಷ್ಟು ದಿನ ನೆಲದಲ್ಲಿದ್ದು ಮೇಲಿನ ದೊಡ್ಡ ನೋಟುಗಳು ಹಾಳಾಗಿವೆ. ಎಷ್ಟಿತ್ತು ಅಂತ ಕಳ್ಳನಿಗೇ ಗೊತ್ತಿಲ್ಲ ಅಂದರೆ ಅಧಿಕಾರಿಗಳು ನಂಬುವುದು ಹೇಗೆ?

ಮೇ

ಈ ತಿಂಗಳು ಪುಸ್ತಕ ಕಡಿಮೆ, ಲೇಖಕರ ಜೀವನವೇ ಜಾಸ್ತಿ. ದಾಸ್ತೋವ್‌ಸ್ಕಿಗೆ ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕುವುದೇನೂ ಕಷ್ಟವಲ್ಲ. 1864ರಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡ, ಇಬ್ಬರೂ ಸೇರಿ ನಡೆಸುತ್ತಿದ್ದ ಪತ್ರಿಕೆಯ ಸಾಲ ಇವನ ತಲೆ ಮೇಲೆ ಬಂತು. ಮುಂದಿನ ವರ್ಷ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನಿಂದ 3,000 ರೂಬಲ್ ತೆಗೆದುಕೊಂಡು ಒಂದು ಕರಾರಿಗೆ ಸಹಿ ಹಾಕಿದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ ಒಂಬತ್ತು ವರ್ಷ ಇವನು ಬರೆದದ್ದನ್ನೆಲ್ಲ ಆತ ಪುಕ್ಕಟೆ ಅಚ್ಚು ಹಾಕಬಹುದು. ‘ಕ್ರೈಮ್ ಅಂಡ್ ಪನಿಶ್‌ಮೆಂಟ್’ ಕಂತುಗಳಲ್ಲಿ ಬರುತ್ತಿದ್ದಾಗಲೇ ಅಕ್ಟೋಬರ್ ಬಂದುಬಿಟ್ಟಿತು. ಅನ್ನಾ ಎಂಬ ಯುವ ಸ್ಟೆನೋಗ್ರಾಫರ್‌ಗೆ ಹೇಳಿ ಬರೆಸಿ, 26 ದಿನಗಳಲ್ಲಿ ‘ದಿ ಗ್ಯಾಂಬ್ಲರ್’ ಮುಗಿಸಿದ. ಕೊಡಲು ಹೋದರೆ ಪ್ರಕಾಶಕ ಊರಲ್ಲಿಲ್ಲ! ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆದ. ಮುಂದಿನ ವರ್ಷ ಅನ್ನಾಳನ್ನೇ ಮದುವೆಯಾದ. ಆಮೇಲೆ ಅವನ ಪುಸ್ತಕಗಳ ಪ್ರಕಟಣೆ ವ್ಯವಹಾರ ನೋಡಿಕೊಂಡವಳೂ ಅವಳೇ.

ಇವನಿಗೆ ಟಾಲ್‌ಸ್ಟಾಯ್ ಮೇಲೆ ಒಂದು ಸಂಕಟ ಇತ್ತು. ‘ಅನ್ನಾ ಕರೆನಿನಾ’ಗೆ ಅಚ್ಚಿನ ಹಾಳೆಗೆ 500 ರೂಬಲ್ ಸಿಕ್ಕಿದಾಗ ತನಗೆ 250 ಕೊಡಲು ಹಿಂದೆಮುಂದೆ ನೋಡಿದರು ಅಂತ ಹೆಂಡತಿಗೆ ಬರೆದುಕೊಂಡಿದ್ದ. ನನಗಂತೂ ಈ ಗೊಣಗಾಟ ಓದಿ ಅವನು ಇನ್ನಷ್ಟು ಇಷ್ಟವಾದ.

ಜುಲೈ

ಟಾಲ್‌ಸ್ಟಾಯ್. ‘ಯುದ್ಧ ಮತ್ತು ಶಾಂತಿ’ಯನ್ನು ಓ. ಎಲ್. ನಾಗಭೂಷಣ ಸ್ವಾಮಿ ಅವರ ಕನ್ನಡದಲ್ಲಿ ಓದುತ್ತಿದ್ದೇನೆ, ಉಳಿದವು ಇಂಗ್ಲಿಷ್‌ನಲ್ಲಿ. ಇಲ್ಲಿ ಹಣ ಬೇರೆ ಥರ. ಮೊತ್ತ ದೊಡ್ಡದು, ಚಿಲ್ಲರೆ ಕಾಣುವುದೇ ಇಲ್ಲ. ನಿಕೊಲಾಯ್ ರೊಸ್ತೊವ್‌ಗೆ ಅಪ್ಪ 2,000 ಕೊಟ್ಟು ಮೇ ತಿಂಗಳವರೆಗೆ ಇಷ್ಟೇ ಅಂದಿರುತ್ತಾನೆ. ಅವನು ಒಂದೇ ರಾತ್ರಿ ದೊಲೊಖೊವ್ ಎದುರು ಇಸ್ಪೀಟಿನಲ್ಲಿ 43,000 ಸೋಲುತ್ತಾನೆ. 43 ಯಾಕೆ? ನಿಕೊಲಾಯ್ ವಯಸ್ಸು, ಸೋನ್ಯಾ ವಯಸ್ಸು ಕೂಡಿಸಿದರೆ ಅಷ್ಟು. ನಿಕೊಲಾಯ್ ಮೇಲಿನ ಪ್ರೀತಿಯಿಂದ ಸೋನ್ಯಾ ದೊಲೊಖೊವ್‌ನನ್ನು ಬೇಡ ಅಂದಿದ್ದಳು. ಮೊತ್ತ ಮೊದಲೇ ಗೊತ್ತು ಮಾಡಿಕೊಂಡು ಅಲ್ಲಿಗೆ ಮುಟ್ಟುವವರೆಗೆ ಆಡಿಸುವ ಸೇಡು, ಓದುವಾಗ ಮೈ ತಣ್ಣಗಾಗುತ್ತದೆ.

‘ಅನ್ನಾ ಕರೆನಿನಾ’ದಲ್ಲಿ ಎಲ್ಲರೂ ರೈಲು ನೆನಪಿಡುತ್ತಾರೆ. ನಾನು ಕಾಡು ಬರೆದಿಟ್ಟುಕೊಂಡೆ. ಅನ್ನಾಳ ಅಣ್ಣ ಸ್ತೀವ ತನ್ನ ಹೆಂಡತಿಯ ಕಾಡನ್ನು 38,000ಕ್ಕೆ ಮಾರುತ್ತಾನೆ, ಎಂಟು ಸಾವಿರ ಈಗ, ಉಳಿದದ್ದು ಆರು ವರ್ಷಗಳಲ್ಲಿ. ಅವನ ಸ್ನೇಹಿತ ಲೆವಿನ್ ಕೇಳುವುದು ಒಂದೇ ಪ್ರಶ್ನೆ: ಮರ ಎಣಿಸಿದೆಯಾ? ಎಣಿಸಿಲ್ಲ. ಕೊಳ್ಳುವವನು ಎಣಿಸಿದ್ದಾನೆ. ಹೆಚ್ಚುಕಡಿಮೆ ಮೂವತ್ತು ಸಾವಿರ ಸುಮ್ನೆ ಧರ್ಮಕ್ಕೆ ಕೊಟ್ಟೆ ಅನ್ನುತ್ತಾನೆ ಲೆವಿನ್. ಜಮೀನು ಮಾರಿದ ಮನೆತನಗಳನ್ನು ಹತ್ತಿರದಿಂದ ಕಂಡವರಿಗೆ ಈ ಅಧ್ಯಾಯ ಬಿಡಿಸಿ ಹೇಳಬೇಕಿಲ್ಲ.

1886ರ ‘ಇವಾನ್ ಇಲಿಚ್‌ನ ಸಾವು’ ಕಥೆಯಲ್ಲಿ ಹೆಣ ಇನ್ನೂ ಮನೆಯಲ್ಲಿರುವಾಗಲೇ ಹೆಂಡತಿ ಗಂಡನ ಸ್ನೇಹಿತನನ್ನು ಪಕ್ಕಕ್ಕೆ ಕರೆದು, ಸರ್ಕಾರದಿಂದ ಇನ್ನೂ ಸ್ವಲ್ಪ ಜಾಸ್ತಿ ಹಣ ಹೊರಡಿಸಬಹುದಾ ಅಂತ ವಿಚಾರಿಸುತ್ತಾಳೆ. ಎಷ್ಟು ಬರುತ್ತದೆ ಅನ್ನುವುದು ಅವಳಿಗೆ ಮೊದಲೇ ಪೂರ್ತಿ ಗೊತ್ತು. ಟಾಲ್‌ಸ್ಟಾಯ್ ಅವಳ ಮೇಲೆ ತುಸು ಕ್ರೂರ ಅನ್ನಿಸಿತು. ಸತ್ತವನು 5,000 ಸಂಬಳದ ಕೆಲಸಕ್ಕಾಗಿ ಪೀಟರ್ಸ್‌ಬರ್ಗ್‌ಗೆ ಓಡಿದ್ದನ್ನು ಅಷ್ಟು ಸಲೀಸಾಗಿ ಹೇಳಿ, ಅವಳ ಪಿಂಚಣಿಯನ್ನು ಮಾತ್ರ ಹೀಗೆ ಎತ್ತಿ ತೋರಿಸುವುದು ಯಾಕೆ?

ಸೆಪ್ಟೆಂಬರ್

ಚೆಕೊವ್. ಇವರ ತಾತ ಜೀತದಲ್ಲಿದ್ದವರು, 1841ರಲ್ಲಿ 3,500 ರೂಬಲ್ ಕೊಟ್ಟು ಕುಟುಂಬದ ಬಿಡುಗಡೆ ಕೊಂಡವರು. ಅಪ್ಪನ ಅಂಗಡಿ ದಿವಾಳಿಯಾಯಿತು. ಶುರುವಿನಲ್ಲಿ ಹಾಸ್ಯ ಪತ್ರಿಕೆಗೆ ಸಾಲಿಗೆ 8 ಕೊಪೆಕ್‌ನಂತೆ ಬರೆದರು.

1894ರ ‘ರಾಥ್‌ಶೀಲ್ಡ್‌ನ ಪಿಟೀಲು’ ಓದಿದ ಮೇಲೆ ನೋಟ್‌ಬುಕ್ ಸ್ವಲ್ಪ ದಿನ ಮುಟ್ಟಲಿಲ್ಲ. ಯಾಕೊವ್ ಶವಪೆಟ್ಟಿಗೆ ಮಾಡುವವನು. ಊರು ಚಿಕ್ಕದು, ಜನ ಸಾಕಷ್ಟು ಸಾಯುವುದಿಲ್ಲ ಅನ್ನೋದೇ ಅವನ ಕೊರಗು. ಅವನೂ ಒಂದು ಪುಸ್ತಕದಲ್ಲಿ ಲೆಕ್ಕ ಬರೆಯುತ್ತಾನೆ, ಬರೀ ನಷ್ಟದ ಲೆಕ್ಕ. ಭಾನುವಾರ, ಹಬ್ಬ, ಕೆಲಸವಿಲ್ಲದ ದಿನ ಎಲ್ಲ ನಷ್ಟ. ಹೆಂಡತಿ ಮಾರ್ಫಾಗೆ ಟೀ ಕೂಡ ಕುಡಿಯಲು ಬಿಟ್ಟಿರಲಿಲ್ಲ, ಖರ್ಚು ಅಂತ. ಅವಳು ಬಿಸಿನೀರು ಕುಡಿಯುತ್ತಿದ್ದಳು. ಅವಳು ಸಾಯುವುದು ಖಚಿತವಾದಾಗ, ಇನ್ನೂ ಉಸಿರಿರುವಾಗಲೇ ಅಳತೆ ತೆಗೆದು ಪೆಟ್ಟಿಗೆ ಮಾಡಿ ಪುಸ್ತಕದಲ್ಲಿ ಬರೆಯುತ್ತಾನೆ: ಮಾರ್ಫಾ ಇವಾನೊವಾಗೆ ಶವಪೆಟ್ಟಿಗೆ, 2 ರೂಬಲ್ 40 ಕೊಪೆಕ್. ಅಕಾಕಿ ತಾನೇ ಬಿಟ್ಟ ಟೀ, ಮಾರ್ಫಾಳಿಂದ ಬಿಡಿಸಿದ ಟೀ, ಎರಡೂ ಒಂದೇ ನೋಟ್‌ಬುಕ್‌ನಲ್ಲಿ ಬಂದು ಕೂತಿವೆ.

ಕೊನೆಗೆ ತನ್ನ ಸಾವು ಹತ್ತಿರ ಬಂದಾಗಲೂ ಯಾಕೊವ್ ಲೆಕ್ಕ ಬಿಡುವುದಿಲ್ಲ. ಸತ್ತರೆ ಊಟದ ಖರ್ಚಿಲ್ಲ, ತೆರಿಗೆ ಇಲ್ಲ, ಯಾರನ್ನೂ ನೋಯಿಸುವುದಿಲ್ಲ. ಸಾವಿರಾರು ವರ್ಷ ಮಲಗಿದರೆ ಲಾಭ ಎಷ್ಟಾಯಿತು! ಬದುಕಿನಿಂದ ನಷ್ಟ, ಸಾವಿನಿಂದ ಲಾಭ. ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಈಗ ನಡೆಯುತ್ತಿರುವುದು

‘ದಿ ಬ್ರದರ್ಸ್ ಕರಮಜೋವ್’. ಮತ್ತೆ ದಾಸ್ತೋವ್‌ಸ್ಕಿ. ಇಲ್ಲಿ ಅಪ್ಪನ ಕೊಲೆಯ ಇಡೀ ಕೇಸೇ 3,000 ರೂಬಲ್ ಸುತ್ತ. ಆರೋಪ ಹೊತ್ತ ಮಗ ಮಿತ್ಯಾ ಪರರ ಹಣ ಮೂರು ಸಾವಿರ ತೆಗೆದುಕೊಂಡ, ಒಂದೇ ರಾತ್ರಿ ಎಲ್ಲ ಉಡಾಯಿಸಿದ ಅಂತ ಊರೆಲ್ಲ ಹೇಳುತ್ತದೆ, ಅವನೂ ಹಾಗೇ ಕೊಚ್ಚಿಕೊಂಡಿದ್ದಾನೆ. ಈಗ ವಿಚಾರಣೆಯಲ್ಲಿ ಮಾತ್ರ, ಉಡಾಯಿಸಿದ್ದು ಒಂದೂವರೆ ಸಾವಿರ, ಉಳಿದದ್ದನ್ನು ಬಟ್ಟೆಯಲ್ಲಿ ಹೊಲಿದು ಕತ್ತಿಗೆ ಕಟ್ಟಿಕೊಂಡಿದ್ದೆ ಅನ್ನುತ್ತಿದ್ದಾನೆ. ಅಧಿಕಾರಿಗಳು ನೋಟು ಎಣಿಸಿ, ಅಂಗಡಿ ಬಿಲ್ಲು ಕೂಡಿಸಿ ತಾಳೆ ನೋಡುತ್ತಿದ್ದಾರೆ. ನಾನೂ ಪಕ್ಕದಲ್ಲಿ ಕೂಡಿಸುತ್ತಿದ್ದೇನೆ. ಕೋರ್ಟ್ ಭಾಗ ಇನ್ನೂ ಬಾಕಿ. ಅದು ಮುಗಿದ ಮೇಲೆ ಪುಷ್ಕಿನ್, ‘ಇಸ್ಪೀಟ್ ರಾಣಿ’ಯಿಂದ ಶುರು. ಅಲ್ಲೂ ಪಣ ಸಣ್ಣದಲ್ಲ, 47,000.